ಹರವಿಯಲ್ಲಿ ಉಳಿದ ನೀರು

ಮಾರ್ಚ್ 9, ಶನಿವಾರ

ನೆರಳು ಒದಗಿಸುವುದೇ ಒಂದು ಉದ್ಯೋಗವಾಗುತ್ತದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹುಲಿಕುಂಟೆಯಿಂದ ಆಚೆಗೆ ರಸ್ತೆ ಅಗಲ ಮಾಡಲು ಎರಡೂ ಬದಿಯ ಹುಣಸೆಮರಗಳನ್ನು ಹೋದ ವರ್ಷವೇ ಕಡಿದಿದ್ದಾರೆ. ಈಗ ಅಲ್ಲಿ ಚರಂಡಿ ಕಟ್ಟುವವರಿಗೆ ನಾಲ್ಕು ಕೋಲು ನೆಟ್ಟು ಹಸಿರು ಬಲೆ ಕಟ್ಟಿಸಿದ್ದೇನೆ. ಬಲೆಯ ನೆರಳು ನೆರಳಲ್ಲ. ಬಿಸಿಲನ್ನೇ ಜಾಲರಿಯಲ್ಲಿ ಸೋಸಿದಂತೆ.

ಮಧುಗಿರಿಯಲ್ಲಿ ಬೆಟ್ಟದ ಕೆಳಗಿನ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದುಕೊಂಡಿದ್ದವನು ನಾನು. ಕಂಪ್ಯೂಟರ್ ಬಂದ ಮೇಲೆ ನಕ್ಷೆಗೆ ಕೈ ಬೇಡವಾಯಿತು. ಸಿರಾಕ್ಕೆ ವಾಪಸು ಬಂದೆ. ಈಗ ರಸ್ತೆ ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಹೋದ ಬೇಸಿಗೆಯಲ್ಲಿ ಬೇರೆ ಜಿಲ್ಲೆಯಲ್ಲಿ ಇವರ ಕೆಲಸದವನೊಬ್ಬ ಬಿಸಿಲಿಗೆ ಬಿದ್ದು ಸತ್ತ. ಆಮೇಲೆ ಈ ಹುದ್ದೆ ಹುಟ್ಟಿತು. ಅವನ ಹೆಸರೇನು ಎಂದು ಎಂಜಿನಿಯರ್ ಕಿರಣ್ ಕುಮಾರನನ್ನು ಕೇಳಿದೆ. ಗೊತ್ತಿಲ್ಲವೋ, ಹೇಳಬಾರದೋ, ಮಾತು ಬದಲಿಸಿದ.

ನಿಯಮಗಳು ಸರಳ. ಬೆಳಗಾಗುತ್ತಲೇ ಕೆಲಸ, ನಡು ಮಧ್ಯಾಹ್ನ ಬಿಡುವು. ಅರ್ಧ ಗಂಟೆಗೊಮ್ಮೆ ಎಲ್ಲರೂ ನೀರು ಕುಡಿಯಬೇಕು. ಕುಡಿದದ್ದನ್ನು ಸೂಪರ್‌ವೈಸರ್ ಕಣ್ಣಾರೆ ನೋಡಬೇಕು. ನಿನ್ನೆ ಶಿವರಾತ್ರಿ ರಜೆ ಇತ್ತು, ಇವತ್ತು ಎಲ್ಲರೂ ಬಂದಿದ್ದರು. ಪ್ಲಾಸ್ಟಿಕ್ ಡ್ರಮ್ಮಿನ ನೀರು ಕಾದು ವಾಸನೆ ಹೊಡೆಯುತ್ತದೆ, ಆದರೂ ಮಧ್ಯಾಹ್ನಕ್ಕೆ ಖಾಲಿ. ವಾಸನೆ ಇಲ್ಲದಿದ್ದರೆ ಇನ್ನೂ ಕುಡಿಯುತ್ತಾರೆ. ಮಣ್ಣಿನ ಹರವಿಗಳನ್ನು ತರಬೇಕು.

ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಈ ಪುಸ್ತಕಕ್ಕೆ ಬೀಗ ಬೇಕಿಲ್ಲ.

ಮಾರ್ಚ್ 11, ಸೋಮವಾರ

ಹರವಿಗಳು ಸಿಕ್ಕವು. ದೊಡ್ಡ ಹೊಟ್ಟೆಯವು. ಕುಂಬಾರನ ಹೆಂಡತಿ ಬೆರಳಿನಿಂದ ತಟ್ಟಿ ಸದ್ದು ಕೇಳಿಸಿ ಕೊಟ್ಟಳು.

ಸಂಜೆ ಚಂದ್ರ ಕಂಡನಂತೆ. ನಾಳೆಯಿಂದ ರಮಜಾನ್. ತಂಗಿ ಜಹೀದಾ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಅಡುಗೆಮನೆ ಅವಳದು. ಬೆಳಕು ಹರಿಯುವ ಮೊದಲು ಎದ್ದು ಉಂಡು, ಆಮೇಲೆ ಸೂರ್ಯ ಮುಳುಗುವವರೆಗೆ ಒಲೆ ಹಚ್ಚುವುದಿಲ್ಲ. ನಾನು ಉಪವಾಸ ಹಿಡಿಯದೆ ಎಷ್ಟು ವರ್ಷವಾಯಿತೋ. ಅವಳೆದುರು ಹಗಲಲ್ಲಿ ಬಿಸ್ಕತ್ತು ಹುಡುಕಿಕೊಂಡು ಓಡಾಡುವುದಕ್ಕಿಂತ ಹಸಿದಿರುವುದೇ ಸುಲಭ. ನಾನೂ ಉಪವಾಸ ಇಡುತ್ತೇನೆ ಅಂದೆ. ಅವಳು ಎದ್ದು ಹೋಗಿ ಮಗಳು ಸುಮೈರಾಗೆ ಫೋನ್ ಮಾಡಿದಳು. ಮಾಮೂ ಈ ಸಲ ರೋಜಾ ಇಡುತ್ತಿದ್ದಾರೆ ಎಂದು ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ಇದಕ್ಕೆ ಇಷ್ಟೊಂದು ಅರ್ಥ ಬೇಕಿರಲಿಲ್ಲ.

ಮಾರ್ಚ್ 12, ಮಂಗಳವಾರ

ಡ್ರಮ್ ತೆಗೆಸಿ, ಹರವಿಗಳನ್ನು ಮರಳಿನ ಮೇಲೆ ಕೂರಿಸಿ, ಒದ್ದೆ ಗೋಣಿ ಸುತ್ತಿ, ಮೇಲೆ ಚೊಂಬು ಇಟ್ಟೆ. ನೀರು ನಿಜಕ್ಕೂ ತಣ್ಣಗಿತ್ತು, ಕೈ ಅದ್ದಿ ನೋಡಿದೆ.

ಬೆಳಗಿನ ಬಿಡುವಿನಲ್ಲಿ ಒಬ್ಬ ಹೆಂಗಸು ಟೀ ತಂದಳು. ಬೇಡ, ರೋಜಾ ಅಂದೆ. "ಅಂಗಾ" ಅಂದಳು. ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ವಾಪಸು ಹೋದಳು, ಅದರೊಳಗೆ ಏನೋ ಜೀವ ಇರುವ ಹಾಗೆ. ಅವಳ ಹೆಸರು ಭೀಮಕ್ಕ. ಗಂಡ ಹುಚ್ಚಣ್ಣನೂ ಇದೇ ಗುಂಪಿನಲ್ಲಿದ್ದಾನೆ. ಒಂದು ಕಾಲಕ್ಕೆ ಕುರಿ ಕಾಯುತ್ತಿದ್ದವರಂತೆ.

ಸಂಜೆ ಹೊರಡುವಾಗ ಹರವಿಗಳಲ್ಲಿ ನೀರು ಅರ್ಧಕ್ಕಿಂತ ಮೇಲೇ ಇತ್ತು. ಡ್ರಮ್ಮಿನ ನಾತದ ನೀರನ್ನು ಖಾಲಿ ಮಾಡಿದವರು ತಂಪು ನೀರನ್ನು ಉಳಿಸಿದ್ದಾರೆ.

ಮಾರ್ಚ್ 14, ಗುರುವಾರ

ಇವತ್ತೂ ಹಾಗೆಯೇ. ಸೀಟಿ ಊದುತ್ತೇನೆ, ಬರುತ್ತಾರೆ, ಚೊಂಬು ಎತ್ತಿ ಒಂದು ಗುಟುಕು ಬಾಯಿಗೆ ಸೋಕಿಸಿ ಇಟ್ಟುಬಿಡುತ್ತಾರೆ. ಹೊಸ ಮಣ್ಣಿನ ವಾಸನೆ ಹಿಡಿಸುತ್ತಿಲ್ಲವೇನೋ. ನಿನ್ನೆ ಸಂಜೆ ಹರವಿಗಳನ್ನು ತೊಳೆದು ನೀರು ಬದಲಿಸಿ ಲಾವಂಚದ ಬೇರು ಹಾಕಿದ್ದೆ. ಪ್ರಯೋಜನವಾಗಲಿಲ್ಲ.

ಇನ್ನೊಂದು ವಿಷಯ. ಟೀ ಕುಡಿಯಲು ಈಗ ನೀರಿನ ಟ್ಯಾಂಕರ್ ಹಿಂದೆ ಹೋಗುತ್ತಾರೆ. ಮೊದಲು ಬಲೆಯ ಕೆಳಗೆ ನನ್ನ ಪಕ್ಕದಲ್ಲೇ ಕುಡಿಯುತ್ತಿದ್ದರು. ನನ್ನ ಸೀಟಿ ಅವರಿಗೆ ಕಿರಿಕಿರಿ ಇರಬಹುದು. ಮೇಸ್ತ್ರಿ ಚಿಕ್ಕರಾಜು ನನ್ನನ್ನು ಸಾಗಹಾಕಲು ಸಂದರ್ಭ ಹುಡುಕುತ್ತಾನೆ. "ಸಾಬ್ರೆ, ಆ ಕಡೆ ಮೋರಿತಾವ್ ಒಸಿ ನೋಡ್ಕಂಡ್ ಬನ್ನಿ" ಅಂದ. ಹೋಗಿ ನೋಡಿದೆ. ಮೋರಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮಾರ್ಚ್ 15, ಶುಕ್ರವಾರ

ಶುಕ್ರವಾರದ ನಮಾಜಿಗೆ ಹೋಗಿಬನ್ನಿ ಎಂದು ಕಿರಣ್ ಕುಮಾರ್ ತಾನಾಗಿಯೇ ಹೇಳಿದ. ಬೇಡ ಅನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಉಪವಾಸ ಹಿಡಿದವನು ನಮಾಜಿಗೆ ಹೋಗದಿದ್ದರೆ ಅದನ್ನೂ ವಿವರಿಸಬೇಕಾಗುತ್ತದೆ. ಬೇಗನೇ ಹೊರಟೆ. ಮಸೀದಿಯ ಹಿಂದಿನ ಸಾಲಿನಲ್ಲಿ ಕೂತು ಕಂಬಗಳ ನಡುವಿನ ಅಂತರ ಸರಿಯಾಗಿಲ್ಲ ಎಂದು ಯೋಚಿಸುತ್ತಿದ್ದೆ.

ವಾಪಸು ಬಂದರೆ ಹರವಿಗಳೆರಡೂ ಖಾಲಿ. ತಳದಲ್ಲಿ ಲಾವಂಚದ ಬೇರು ಮಾತ್ರ.

ಒಡಕು ಇರಬೇಕು.

ಮಾರ್ಚ್ 18, ಸೋಮವಾರ

ಒಡಕಿಲ್ಲ. ಬೆಳಿಗ್ಗೆ ತುಂಬಿಸಿ ಕೆಳಗೆ ಒಣ ಮರಳು ಹಾಸಿ ಸಂಜೆಯವರೆಗೆ ನೋಡಿದೆ. ಮಣ್ಣು ಬೆವರುವಷ್ಟು ಬೆವರಿದೆ, ಅಷ್ಟೇ. ಸಂಜೆಯೂ ಮುಕ್ಕಾಲು ತುಂಬಿತ್ತು. ಯಾರೂ ಕುಡಿದಿಲ್ಲ ಎಂಬುದೂ ಇದರಿಂದ ಸಾಬೀತಾಯಿತು.

ಆಮೇಲೆ ಹೊಳೆಯಿತು. ಹೆಂಗಸರು ಹೊರಗೆ ಹೋಗಲು ಇಲ್ಲಿ ಮರೆಯೇ ಇಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಅದಕ್ಕೇ ಕುಡಿಯುವುದಿಲ್ಲ. ಹಳೇ ಫ್ಲೆಕ್ಸುಗಳನ್ನು ತರಿಸಿ ಹಳ್ಳದ ಬದಿಗೆ ನಾಲ್ಕು ಗೋಡೆ ಕಟ್ಟಿಸಿದೆ. ಯಾವುದೋ ಮದುವೆಯ ಫ್ಲೆಕ್ಸು, ವಧೂವರರ ಮುಖ ಒಳಗಡೆಗೆ ಬಂದಿತ್ತು. ಭೀಮಕ್ಕ ಒಳಗೆ ಹೋಗಿ ಬಂದವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೋಗ್ರೇ ಹೋಗಿ, ಒಳಗೆ ಗಂಡುಹೆಣ್ಣು ಕೈ ಮುಗ್ಕಂಡ್ ನಿಂತವ್ರೆ. ಅಕ್ಷತೆ ಮಾತ್ರ ಹಾಕ್ಬ್ಯಾಡ್ರಿ."

ಹೆಂಗಸರು ತುಂಬ ಹೊತ್ತು ನಗುತ್ತಿದ್ದರು. ನನಗೂ ನಗು ಬಂತು, ಆದರೆ ತುಟಿ ಒಡೆದಿತ್ತು, ಉರಿಯಿತು.

ಮಾರ್ಚ್ 20, ಬುಧವಾರ

ಮರೆ ಕಟ್ಟಿದ ಮೇಲೂ ಹರವಿಗಳ ನೀರಿನ ಮಟ್ಟ ಇಳಿಯಲಿಲ್ಲ. ಟಾರು ಹಾಕಿದ ಕಡೆ ನೋಡಿದರೆ ರಸ್ತೆ ನಡುಗುತ್ತಿದೆ. ತಲೆನೋವು ಬೆಳಗಿನಿಂದ.

ಮಾರ್ಚ್ 22, ಶುಕ್ರವಾರ

ನಮಾಜಿನಿಂದ ಬಂದೆ. ಮತ್ತೆ ಖಾಲಿ. ಈ ಸಲ ಹರವಿಗಳ ಸುತ್ತ ನೆಲವೂ ಒದ್ದೆಯಾಗಿತ್ತು.

ಹಾಗಾದರೆ ಚೆಲ್ಲುತ್ತಾರೆ. ನೀರು ಕುಡಿಯಿರಿ ಎಂದು ಪೀಡಿಸುವ ನನ್ನನ್ನು ಸುಮ್ಮನಾಗಿಸಲು, ನಾನಿಲ್ಲದ ಹೊತ್ತು ನೋಡಿ ಚೆಲ್ಲಿ, ಕುಡಿದೆವು ಅನ್ನುತ್ತಾರೆ. ಚಿಕ್ಕರಾಜುವನ್ನು ಕೇಳಿದೆ. ನನ್ನ ಮುಖ ನೋಡದೆ, ಎಲ್ಲ ಕುಡಿದ್ರು ಸಾಬ್ರೆ, ಬಿಸ್ಲು ಅಲ್ವಾ ಅಂದ. ಬೇರೆ ದಿನ ಬಿಸಿಲಿಲ್ಲವೇ ಅಂದೆ. ಸಲಿಕೆಯ ಹಿಡಿ ಸರಿಮಾಡಿಕೊಳ್ಳುತ್ತ ನಿಂತ.

ಸುಳ್ಳು ಹೇಳುವವನ ಕಣ್ಣು ಹಾಗಿರುವುದಿಲ್ಲ. ಅದು ನಾಚಿಕೆ. ಏನಕ್ಕೆ ನಾಚಿಕೆ?

ಬಿಸಿಲಿಗೆ ಸತ್ತ ಆ ಮನುಷ್ಯನ ಸೂಪರ್‌ವೈಸರ್ ಏನು ಮಾಡುತ್ತಿದ್ದ ಎಂದು ಯೋಚಿಸುತ್ತೇನೆ. ಅವನ ಹತ್ತಿರವೂ ನೀರು ಇದ್ದಿರಬೇಕು.

ಮಾರ್ಚ್ 26, ಮಂಗಳವಾರ

ಇವತ್ತು ಕೂಗಾಡಿದೆ. ನಾನು ಕೂಗಾಡುವವನಲ್ಲ. ನಿಮ್ಮಲ್ಲಿ ಯಾರಾದರೂ ಸತ್ತರೆ ಗೊತ್ತಾಗುತ್ತದೆ ಅಂದೆ. ಹೇಳಿದ ಮೇಲೆ ನನಗೇ ಅಸಹ್ಯವಾಯಿತು. ಆಮೇಲೆ ಹುಚ್ಚಣ್ಣ ಬಂದು ಬಲೆಯ ಕೆಳಗೆ ತನ್ನ ಕಂಬಳಿ ಹಾಸಿ ಹೇಳಿದ:

"ಬೆಳಿಗ್ಗಿಂದ ನಿಂತೇ ಇದ್ದೀರಿ. ನೀವು ಆ ಕಡೆ ತಿರುಕ್ಕಂಡ್ ಒಸಿ ಹೊತ್ತು ಮಲಗಿ ಸಾಬ್ರೆ. ನೀರು ಎಲ್ಲಿಗೋಯ್ತದೆ, ಇಲ್ಲೇ ಇರ್ತದೆ ಬುಡಿ."

ಬೇಡ ಅಂದೆ. ನನ್ನನ್ನು ಮಲಗಿಸಿ ನೀರು ಚೆಲ್ಲುವ ಉಪಾಯ ಅಂದುಕೊಂಡೆ. ಹರವಿಯ ಪಕ್ಕದಲ್ಲೇ ನಿಂತೆ. ಎದುರಿಗೆ ಭೀಮಕ್ಕ ಜಲ್ಲಿಯ ಬಾಂಡ್ಲಿ ಹೊತ್ತು ಹೋಗುತ್ತ ಬರುತ್ತ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಾಗಿರಲಿಲ್ಲ. ನೆರೆಮನೆಯಲ್ಲಿ ಕಾಯಿಲೆಯವರು ಇದ್ದರೆ ಅವರ ಬಾಗಿಲ ಕಡೆಗೆ ನೋಡುತ್ತಾರಲ್ಲ, ಹಾಗೆ.

ಮಾರ್ಚ್ 28, ಗುರುವಾರ

ನಾಳೆ ನಮಾಜಿಗೆ ಹೋಗುವುದಿಲ್ಲ. ಜಹೀದಾಗೆ ಹೇಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹರವಿಗಳ ಪಕ್ಕ ಬಿಟ್ಟು ಕದಲುವುದಿಲ್ಲ. ನೀರು ಎಲ್ಲಿ ಹೋಗುತ್ತದೆ ಎಂದು ನೋಡಿಯೇ ಬಿಡುತ್ತೇನೆ.

ಮಾರ್ಚ್ 29, ಶುಕ್ರವಾರ

ಭೀಮಕ್ಕ ಬಿದ್ದಳು.

ಆಸ್ಪತ್ರೆಯಿಂದ ಈಗ ಬಂದೆ. ಬರೆಯಲು ಆಗುತ್ತಿಲ್ಲ.

ಮಾರ್ಚ್ 30, ಶನಿವಾರ

ಬರೆದಿಡಬೇಕು. ನಾಳೆ ನನ್ನ ಮನಸ್ಸು ಇದನ್ನು ತನಗೆ ಅನುಕೂಲವಾಗುವಂತೆ ತಿದ್ದಿಕೊಳ್ಳುತ್ತದೆ.

ನಾನು ನಿಂತೇ ಇದ್ದೆ. ಬಿಸಿಲು ಏರಿತ್ತು, ಬಿಡುವಿಗೆ ಇನ್ನೂ ಹೊತ್ತಿತ್ತು. ಭೀಮಕ್ಕ ಬಾಂಡ್ಲಿಯನ್ನು ಚರಂಡಿಯ ಹತ್ತಿರ ಇಳಿಸದೆ ರಸ್ತೆಯ ನಡುವೆ ಇಳಿಸಿದಳು. ಬೀಳಿಸಲಿಲ್ಲ, ಮಗುವನ್ನು ಮಲಗಿಸುವಂತೆ ಇಟ್ಟಳು. ತಲೆಯ ಸಿಂಬೆ ಬಿಚ್ಚಿ ಆ ಬಟ್ಟೆಯನ್ನು ಮಡಿಸತೊಡಗಿದಳು. ಏನಾಯಿತು ಎಂದು ಹತ್ತಿರ ಹೋದೆ. ನನ್ನನ್ನು ನೋಡಿ, "ಮರಿ ಎಲ್ಬುಟ್ಟೆಲಾ? ಕತ್ಲಾಯ್ತದೆ, ಹುಡುಕ್ಕಂಡ್ ಬಾ ಹೋಗು" ಅಂದಳು. ಯಾರೋ ತಮ್ಮನಿಗೆ ಹೇಳುವ ಹಾಗೆ. ಕೈ ಹಿಡಿದರೆ ಬಾಂಡ್ಲಿಯಷ್ಟೇ ಕಾದಿತ್ತು. ಬೆವರೇ ಇರಲಿಲ್ಲ. ಇದರ ಅರ್ಥ ನನಗೆ ಗೊತ್ತು. ತರಬೇತಿಯಲ್ಲಿ ತೋರಿಸಿದ ಚಿತ್ರಗಳ ಕೆಳಗೆ ಬರೆದಿತ್ತು.

ಬಲೆಯ ಕೆಳಗೆ ಹೊತ್ತು ತಂದೆವು. ಹೆಂಗಸರು ಸುತ್ತ ಸೀರೆ ಹಿಡಿದರು. ಹುಚ್ಚಣ್ಣ ಬಾಯಿಗೆ ನೀರು ಬಿಡಲು ಹೋದ, ಬೇಡ, ಎಚ್ಚರವಿಲ್ಲದವರಿಗೆ ಬಾಯಿಗೆ ಬಿಡಬಾರದು ಅಂದೆ. ಮೈಮೇಲೆ ಸುರಿಯಿರಿ ಅಂದೆ. ಹರವಿಗಳು ತುಂಬಿದ್ದವು. ಯಾರೂ ಕುಡಿಯದೆ ಉಳಿಸಿದ್ದ ಅಷ್ಟೂ ನೀರನ್ನು ಅವಳ ಮೇಲೆ ಸುರಿದೆವು, ಗೋಣಿ ಒದ್ದೆ ಮಾಡಿ ಕಂಕುಳಿಗೆ ಇಟ್ಟೆವು, ಸಿಮೆಂಟ್ ಚೀಲದಿಂದ ಗಾಳಿ ಹಾಕಿದೆವು. ನೂರೆಂಟರ ಗಾಡಿ ಬರುವವರೆಗೆ ಅವಳು ಕುರಿಗಳನ್ನು ಕರೆಯುತ್ತಿದ್ದಳು. ನಾಲಿಗೆ ಮೇಲಕ್ಕೆ ಒತ್ತಿ ಮಾಡುವ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಸಿರಾದ ಆಸ್ಪತ್ರೆಯಲ್ಲಿ ನರ್ಸ್ ಸ್ನೇಹಲತಾ ಕೇಳಿದರು, ಬೆಳಗಿನಿಂದ ಎಷ್ಟು ನೀರು ಕುಡಿದಿದ್ದಾರೆ ಎಂದು. ಅರ್ಧ ಗಂಟೆಗೊಮ್ಮೆ ಅಂದೆ. ನಾನೇ ನಿಂತು ನೋಡಿದ್ದೇನೆ ಅಂದೆ. ಪಕ್ಕದಲ್ಲಿ ಹುಚ್ಚಣ್ಣ ತಲೆ ತಗ್ಗಿಸಿದ. ನರ್ಸ್ ಒಳಗೆ ಹೋದ ಮೇಲೆ ನನ್ನನ್ನು ಗೋಡೆಯ ಕಡೆಗೆ ಕರೆದ.

"ಕುಡ್ದಿಲ್ಲ ಸಾಬ್ರೆ."

"ಯಾಕೆ?"

"ಉಪಾಸ ಇರೋರ ಮುಂದೆ ಗಟಗಟ ಅಂತ ಹೆಂಗ್ ಕುಡಿಯೋದು? ನಿಮಗೂ ಜೀವ ಅಲ್ವಾ, ನೋಡಿದ್ರೆ ಆಸೆ ಆಯ್ತದೆ. ನೀವು ಅತ್ಲಾಗ್ ಹೋದೇಟ್ಗೆ ಓಡೋಗಿ ಬಾಯಿಗ್ ಉಯ್ಕತಿದ್ವಿ. ಸುಕ್ರವಾರ ಬಂತು ಅಂದ್ರೆ ಹಬ್ಬ ನಮಗೆ. ಇವತ್ತು ನೀವು ಅಳ್ಳಾಡ್ಲೇ ಇಲ್ಲ."

ಹೇಳಬಹುದಿತ್ತಲ್ಲ ಹುಚ್ಚಣ್ಣ, ಅಂದೆ.

"ಏನಂತ ಹೇಳೋದು? ನಿಮ್ ಉಪಾಸ ನಮಗೆ ಅಡ್ಡ ಆಯ್ತದೆ ಅನ್ನಕಾಯ್ತದಾ? ಅವ್ಳೇ ಎಲ್ರಿಗೂ ಹೇಳಿದ್ದು, ಒಂದ್ ತಿಂಗ್ಳು ತಡ್ಕಳ್ರಿ, ಸಾಬ್ರು ಬಿಸ್ಲಲ್ಲಿ ತಡ್ಕಂಡಿಲ್ವಾ ಅಂತ."

ಒಳಗೆ ಭೀಮಕ್ಕನಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ. ಮೂತ್ರಪಿಂಡ ಹೇಗಿದೆ ಎಂದು ಸೋಮವಾರ ಹೇಳುತ್ತಾರಂತೆ.

ಹರವಿಗಳಲ್ಲಿ ಒಡಕಿರಲಿಲ್ಲ. ನೀರಿನಲ್ಲಿ ವಾಸನೆ ಇರಲಿಲ್ಲ. ಹರವಿಗೂ ಅವರಿಗೂ ನಡುವೆ ನಾನು ನಿಂತಿದ್ದೆ.

ಮಾರ್ಚ್ 31, ಭಾನುವಾರ

ಜಹೀದಾ ಎರಡು ಸಲ ಕೇಳಿದಳು, ಏನಾಯಿತು ಎಂದು. ಕೆಲಸದವರೊಬ್ಬರಿಗೆ ಹುಷಾರಿಲ್ಲ ಅಂದೆ. ಅವಳು ಆಸ್ಪತ್ರೆಗೆ ಗಂಜಿ ಕಳಿಸಿದಳು. ಅದನ್ನು ಕೊಟ್ಟು ಬಂದೆ. ಭೀಮಕ್ಕ ಕಣ್ಣು ಬಿಟ್ಟಿದ್ದಳು. ನನ್ನ ಗುರುತು ಹಿಡಿಯಲಿಲ್ಲ. ಹಿಡಿದೂ ಸುಮ್ಮನಿದ್ದಳೋ.

ಇಡೀ ದಿನ ಮಲಗಿ ಛಾವಣಿ ನೋಡಿದೆ. ನಂಬಿಕೆಯಿಂದ ಹಿಡಿದ ಉಪವಾಸವಾಗಿದ್ದರೆ ಲೆಕ್ಕ ಬೇರೆ. ನನ್ನದು ಒಲೆ ಹಚ್ಚದ ಮನೆಯ ಸೌಕರ್ಯಕ್ಕೆ ಹಿಡಿದದ್ದು. ಅದನ್ನು ಅವರು ನನಗಿಂತ ಹೆಚ್ಚು ಗೌರವಿಸಿದರು.

ಏಪ್ರಿಲ್ 1, ಸೋಮವಾರ

ಇವತ್ತು ದೂರ ಇದ್ದುಬಿಡೋಣ ಅಂದುಕೊಂಡೆ. ಸೀಟಿಯನ್ನು ಚಿಕ್ಕರಾಜು ಕೈಗೆ ಕೊಟ್ಟು ಮೋರಿಯ ಕಡೆ ಹೋದೆ. ಆದರೆ ಕಾಣದಿದ್ದರೆ ತಡೆಯಲು ಆಗುತ್ತಿಲ್ಲ. ಕುಡಿದರೋ ಇಲ್ಲವೋ, ಯಾರ ನಡಿಗೆ ತಪ್ಪುತ್ತಿದೆ, ಯಾರ ಮಾತು ತೊದಲುತ್ತಿದೆ, ದೂರದಿಂದ ಎಲ್ಲರೂ ಒಂದೇ ಬಣ್ಣದ ಜಾಕೆಟ್ಟು. ಟ್ಯಾಂಕರ್ ಹಿಂದೆ ಬಂದು ಇಣುಕಿದೆ. ಐವತ್ತು ದಾಟಿದ ಮನುಷ್ಯ, ಟೈರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಜನ ನೀರು ಕುಡಿಯುವುದನ್ನು ಕದ್ದು ನೋಡುತ್ತಿದ್ದೇನೆ.

ಒಬ್ಬ ಹೆಂಗಸು ಚೊಂಬು ಎತ್ತಿದವಳು ನನ್ನ ಬೂಟು ಕಂಡಳು. ಚೊಂಬನ್ನು ಹಾಗೆಯೇ ಇಳಿಸಿದಳು. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಿದರು. ನಾನು ಎದ್ದು ಪ್ಯಾಂಟಿನ ಧೂಳು ಒರೆಸಿಕೊಂಡೆ.

ಭೀಮಕ್ಕನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯಂತೆ. ಚೇತರಿಸಿಕೊಳ್ಳಬಹುದು ಅಂದರು. ಬಹುದು ಎಂಬುದನ್ನು ಡಾಕ್ಟರು ನಿಧಾನವಾಗಿ ಹೇಳಿದರು.

ಏಪ್ರಿಲ್ 2, ಮಂಗಳವಾರ

ಆಸ್ಪತ್ರೆಯಲ್ಲಿ ಮಗಳನ್ನು ಬಿಟ್ಟು ಹುಚ್ಚಣ್ಣ ಕೆಲಸಕ್ಕೆ ಬಂದಿದ್ದ. ಬೆಳಗಿನ ಮೊದಲ ಸೀಟಿ ಊದಿದೆ. ಎಲ್ಲರೂ ಬಂದು ಹರವಿಯಿಂದ ಸ್ವಲ್ಪ ದೂರ ನಿಂತರು, ಎಂದಿನ ಹಾಗೆ, ನಾನು ಸರಿಯಲಿ ಎಂದು ಕಾಯುತ್ತ. ಏನಾದರೂ ಹೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಚೊಂಬು ಅದ್ದಿ ತುಂಬಿಸಿ, ತಲೆ ಎತ್ತಿ, ಎಲ್ಲರೆದುರಿಗೆ ಕುಡಿದೆ.

ಹಗಲಿನ ನೀರು. ಗಂಟಲಲ್ಲಿ ಇಳಿಯುವುದು ನನಗೇ ಕೇಳಿಸಿತು. ಅರ್ಧ ಅಂಗಿಯ ಮೇಲೆ ಬಿತ್ತು.

ಈಗ ಎಲ್ಲರೂ ಕುಡಿಯುತ್ತಾರೆ, ಹಗುರಾಗುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಿಕ್ಕರಾಜು ಬೇರೆ ಕಡೆ ತಿರುಗಿದ. ಅವರ ಮನೆಯ ಏನನ್ನೋ ನಾನು ಒಡೆದುಹಾಕಿದ ಹಾಗೆ ನಿಂತಿದ್ದರು. ಹುಚ್ಚಣ್ಣ ಹತ್ತಿರ ಬಂದ.

"ಏನ್ ಸಾಬ್ರೆ, ಇಂಗ್ ಮಾಡ್ಬುಟ್ರಿ. ನಾಳೆ ಅವ್ಳು ಎದ್ದು ಕೇಳಿದ್ರೆ ನಾನೇನ್ ಹೇಳ್ಲಿ? ಸಾಬ್ರ ಉಪಾಸ ಕೆಡಿಸ್ದೆ ಅನ್ಲಾ?"

"ನೀರು ಕುಡಿದೆ ಅಂತ ಹೇಳಿ" ಅಂದೆ. ಚೊಂಬು ಅವನ ಮುಂದೆ ಹಿಡಿದೆ.

ಅವನು ಅದನ್ನು ತೆಗೆದುಕೊಳ್ಳಲು ತುಂಬ ಹೊತ್ತು ಹಿಡಿಯಿತು. ತೆಗೆದುಕೊಂಡ. ಹರವಿಗೆ ಅದ್ದಿದ. ನನ್ನ ಕಣ್ಣನ್ನೇ ನೋಡುತ್ತ ಕುಡಿದ, ಕೊನೇ ಹನಿಯವರೆಗೆ, ಔಷಧಿ ಕುಡಿಯುವ ಹಾಗೆ. ಆಮೇಲೆ ಚಿಕ್ಕರಾಜುಗೆ, "ಬಾರ್ಲಾ, ಏನ್ ಮಕ ತಿರುಕ್ಕಂಡ್ ನಿಂತೆ, ಸಾಬ್ರು ಕುಡಿದಾಯ್ತು, ಇನ್ನು ನಿಂದೇನ್ ಮಡಿ" ಅಂದ. ಚಿಕ್ಕರಾಜು ಬಂದ. ಅವನ ಹಿಂದೆ ಹೆಂಗಸರು.

ಅರ್ಧ ಗಂಟೆಯ ನಂತರ ಮತ್ತೆ ಸೀಟಿ. ಮೊದಲು ನಾನು.

ಸಂಜೆ ಮನೆಯಲ್ಲಿ ಜಹೀದಾ ಖರ್ಜೂರ, ಕಲ್ಲಂಗಡಿ ಹೋಳು ಜೋಡಿಸಿ ಅಜಾನಿಗೆ ಕಾಯುತ್ತಿದ್ದಳು. ನಾನು ಎದುರಿಗೆ ಕೂತೆ. ಹೇಳದೇ ಇರಬಹುದಿತ್ತು. ಹೇಳಿದೆ. ಭೀಮಕ್ಕನ ವಿಷಯ, ಹರವಿಗಳ ವಿಷಯ, ಎಲ್ಲ. ಅವಳ ಕೈಯಲ್ಲಿ ಖರ್ಜೂರ ಇತ್ತು. ಅಜಾನ್ ಆಯಿತು, ತಿನ್ನಲಿಲ್ಲ. ಆ ಹೆಂಗಸಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ನಿನಗಿಂತ ಸ್ವಲ್ಪ ದೊಡ್ಡವಳು ಅಂದೆ.

ಅವಳು ಉರ್ದುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಬಿಟ್ಟ ರೋಜಾಗಳನ್ನು ಆಮೇಲೆ ಹಿಡಿಯಬಹುದು ಭಾಯ್. ಸತ್ತವರನ್ನು ಆಮೇಲೆ ಏನು ಮಾಡುತ್ತಿದ್ದೆ?"

ಆಮೇಲೆ ಖರ್ಜೂರವನ್ನು ಬಾಯಿಗಿಟ್ಟುಕೊಂಡಳು. ಸುಮೈರಾಗೆ ಫೋನ್ ಮಾಡಲಿಲ್ಲ.

ಏಪ್ರಿಲ್ 5, ಶುಕ್ರವಾರ

ನಮಾಜಿಗೆ ಹೋಗಲಿಲ್ಲ. ಹರವಿಗಳು ಮಧ್ಯಾಹ್ನಕ್ಕೇ ಖಾಲಿಯಾದವು, ನನ್ನೆದುರಿಗೇ. ಟ್ಯಾಂಕರಿನಿಂದ ಮತ್ತೆ ತುಂಬಿಸಿದೆವು.

ಭೀಮಕ್ಕನನ್ನು ಮನೆಗೆ ಕಳಿಸಿದರು. ಮೂತ್ರ ಸರಿಯಾಗಿದೆ. ಬಿಸಿಲಿನ ಕೆಲಸ ತಿಂಗಳುಗಟ್ಟಲೆ ಕೂಡದು. ಕಂಪನಿ ಅವಳನ್ನು ಕೈಬಿಡಬಾರದು ಎಂದು ಕಿರಣ್ ಕುಮಾರನಿಗೆ ಹೇಳಿದೆ. ನೀವು ಹೀಗೆ ಮಾತಾಡಿದ್ದನ್ನು ಕೇಳಿಯೇ ಇರಲಿಲ್ಲ ಅಂದ. ಹೇಗೆ ಮಾತಾಡಿದೆನೋ ನನಗೂ ನೆನಪಿಲ್ಲ.

ಫೆಬ್ರವರಿ 18, ಮಂಗಳವಾರ

ಹಳೇ ಪುಸ್ತಕದಲ್ಲೇ ಹಾಳೆ ಉಳಿದಿದ್ದವು. ನಡುವೆ ಬರೆಯುವಂಥದ್ದು ಏನೂ ಆಗಲಿಲ್ಲ. ಮಳೆ ಬಂತು, ಹೋಯಿತು. ಚರಂಡಿ ಮುಗಿದು ಅದೇ ಗುಂಪು ಈಗ ರಸ್ತೆಯ ಇನ್ನೊಂದು ತುದಿಯಲ್ಲಿದೆ. ಭೀಮಕ್ಕ ದೀಪಾವಳಿಯ ನಂತರ ವಾಪಸು ಬಂದಳು. ಬಾಂಡ್ಲಿ ಹೊರುವುದಿಲ್ಲ. ಹರವಿಗಳನ್ನು ನೋಡಿಕೊಂಡು ಎಲ್ಲರಿಗೂ ನೀರು ಕೊಡುವುದೇ ಅವಳ ಕೆಲಸ. ಕುಡಿಯದವರನ್ನು ನನಗಿಂತ ಚೆನ್ನಾಗಿ ಬೈಯುತ್ತಾಳೆ.

ಇನ್ನು ಸ್ವಲ್ಪ ದಿನಕ್ಕೆ ಮತ್ತೆ ರಮಜಾನ್. ಹೋದ ವರ್ಷ ಬಿಟ್ಟ ರೋಜಾಗಳನ್ನು ಅದಕ್ಕೆ ಮೊದಲು ಹಿಡಿದು ಮುಗಿಸಬೇಕಂತೆ. ಚಳಿಗಾಲದಲ್ಲಿ ಮಾಡಬಹುದಿತ್ತು. ಮರೆತಿದ್ದೇನೆ ಅಂದುಕೊಂಡಿದ್ದೆ. ಕಳೆದ ವಾರ ಒಂದು ದಿನ ಅಜಾನಿಗೆ ಮೊದಲೇ ಎಚ್ಚರವಾಯಿತು, ಎದ್ದು ಒಲೆ ಹಚ್ಚಿದೆ. ಜಹೀದಾ ಮಲಗಿದ್ದಳು. ರಾತ್ರಿಯ ಅನ್ನವನ್ನು ಬಿಸಿ ಮಾಡಿ ತಿಂದೆ. ಅಂದಿನಿಂದ ಹಿಡಿಯುತ್ತಿದ್ದೇನೆ. ಹಗಲಲ್ಲಿ ಅವಳು ಉಣ್ಣುತ್ತಾಳೆ, ಟೀ ಕುಡಿಯುತ್ತಾಳೆ, ಅದರಿಂದ ನನಗೇನೂ ಆಗುವುದಿಲ್ಲ.

ಕೆಲಸದ ಜಾಗದಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಮತ್ತೆ ಅದೇ. ಬಿಸಿಲು ಈಗಲೇ ಏರುತ್ತಿದೆ, ಈ ವರ್ಷ ಬೇಗ. ಆದ್ದರಿಂದ ಸೀಟಿ ಊದಿ ಮೊದಲು ನಾನೇ ಚೊಂಬು ಎತ್ತುತ್ತೇನೆ. ಬಾಯಿ ಮುಚ್ಚಿಕೊಂಡು ತಲೆ ಹಿಂದಕ್ಕೆ ಬಾಗಿಸುತ್ತೇನೆ. ನೀರು ಗಡ್ಡದ ಮೇಲೆ ಇಳಿದುಹೋಗುತ್ತದೆ. ದೂರದಿಂದ ನೋಡುವವರಿಗೆ ಗೊತ್ತಾಗುವುದಿಲ್ಲ.

ಇವತ್ತು ಭೀಮಕ್ಕ ಹತ್ತಿರ ನಿಂತಿದ್ದಳು. ಚೊಂಬನ್ನು ಅವಳ ಕೈಗೆ ವಾಪಸು ಕೊಟ್ಟೆ.

"ಕುಡಿದ್ರಾ ಸಾಬ್ರೆ?"

"ಕುಡಿದೆ."

ಅವಳು ನನ್ನ ಅಂಗಿ ನೋಡಿದಳು. ಎದೆಯವರೆಗೆ ನೆನೆದಿತ್ತು. ತುಟಿ ನೋಡಿದಳು, ಹೋದ ವರ್ಷದ ಹಾಗೆಯೇ ಒಡೆದಿತ್ತು. ಅವಳ ಮುಖದಲ್ಲಿ ಏನೋ ಬಂತು, ಹೋಯಿತು. ಹಿಂದೆ ಗುಂಪು ಕಾಯುತ್ತಿತ್ತು. ಅವಳು ಹೋಗಿ ಮತ್ತೆ ಹರವಿಗೆ ಚೊಂಬು ಅದ್ದಿದಳು. ನನ್ನೆದುರಿಗೆ, ಒಂದು ಮಾರು ದೂರದಲ್ಲಿ ಬಂದು ನಿಂತು, ತಲೆ ಎತ್ತಿ ಕುಡಿದಳು. ನಿಧಾನವಾಗಿ, ನಡುವೆ ಒಮ್ಮೆ ಉಸಿರು ತೆಗೆದುಕೊಂಡು, ಮತ್ತೆ. ಅವಳ ಗಂಟಲು ಏರಿಳಿಯುವುದನ್ನು ನೋಡುತ್ತ ನಿಂತಿದ್ದೆ. ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹಿಂದಕ್ಕೆ ತಿರುಗಿ ಕೂಗಿದಳು:

"ಬರ್ರೇ, ಏನ್ ನೋಡ್ತೀರಿ. ಸಾಬ್ರು ಇಲ್ಲೇ ಇರ್ತಾರೆ, ನೀವು ಕುಡೀರಿ."

ಒಬ್ಬೊಬ್ಬರಾಗಿ ಬಂದರು. ಯಾರೂ ಮುಖ ತಿರುಗಿಸಲಿಲ್ಲ.